ಇಂಗ್ಲಿಷಿನ ಅವಳಿ ಪದಗಳು: ಕನ್ನಡವೇ ಕೈದೀವಿಗೆ

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು ಮತ್ತು ಪಾಲಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಇಂಡಿ ಎಂದರೆ ನಾಡಿನವರಿಗೆಲ್ಲ ಮೊದಲು ನೆನಪಾಗುವುದು ಲಿಂಬೆಹಣ್ಣು. ಆ ಹಣ್ಣಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಲೆಮನ್’ ಎಂದೇ ಹೇಳುತ್ತೇವೆ. ಸಸ್ಯಶಾಸ್ತ್ರ ಬಲ್ಲವರು ಇದನ್ನು ಒಪ್ಪುವುದಿಲ್ಲ. ನಮ್ಮ ತೋಟಗಳಲ್ಲಿ ಬೆಳೆಯುವ ಸಣ್ಣ, ದುಂಡನೆಯ, ಕಾಗದದಷ್ಟು ತೆಳು ಸಿಪ್ಪೆಯ ಕಾಗ್ಜಿ ಲಿಂಬೆಗೆ ಅವರು ಹೇಳುವ ಹೆಸರು ‘ಲೈಮ್’. ‘ಲೆಮನ್’ ಎಂಬುದು ಇದಕ್ಕಿಂತ ದೊಡ್ಡದಾದ, ಉದ್ದನೆಯ, ದಪ್ಪ ಸಿಪ್ಪೆಯ ಇನ್ನೊಂದು ಹಣ್ಣು. ನಮ್ಮ ದೇಶದ ಇಂಗ್ಲಿಷಿನಲ್ಲಿ ಎರಡನ್ನೂ ಲೆಮನ್ ಎನ್ನುವ ರೂಢಿ ಬಂದುಬಿಟ್ಟಿದೆ. ಊರ ಸಂತೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ದೂರದೇಶದ ಖರೀದಿದಾರನಿಗೆ ಕಳಿಸುವ ಕಾಗದದಲ್ಲಿ ಲೆಮನ್ ಎಂದು ಬರೆದರೆ ಅವನು ಬೇರೆಯೇ ಹಣ್ಣನ್ನು ಎದುರುನೋಡುತ್ತಾನೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇಂಗ್ಲಿಷಿನಲ್ಲಿ ಅದೇ ‘ಲೈಮ್’ ಎಂಬ ಪದಕ್ಕೆ ಸುಣ್ಣ ಎಂಬ ಅರ್ಥವೂ ಇದೆ. ಗೋಳಗುಮ್ಮಟದ ಗೋಡೆಗೆ ಬಳಸಿದ ಗಾರೆಯಲ್ಲಿರುವುದು ಈ ಲೈಮ್. ಹಣ್ಣಿನ ಲೈಮ್ ಅರಬ್ಬೀ ಭಾಷೆಯಿಂದ ಹೊರಟು ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಹೋದದ್ದು. ಸುಣ್ಣದ ಲೈಮ್ ಇಂಗ್ಲಿಷಿನ ಸ್ವಂತ ಹಳೆಯ ಪದ. ಎರಡಕ್ಕೂ ನೆಂಟಸ್ತಿಕೆಯಿಲ್ಲ, ಬೇರೆ ಬೇರೆ ಊರಿನಿಂದ ಬಂದ ಇಬ್ಬರಿಗೆ ಒಂದೇ ಹೆಸರಿದ್ದ ಹಾಗೆ. ಹಾಗಿರುವಾಗ ಕಲಿಯುವ ಮಗು ತಡವರಿಸಿದರೆ ಅದು ಮಗುವಿನ ದಡ್ಡತನವಲ್ಲ. ದಾರಿಯೇ ಅಂಥದು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಅದಕ್ಕೂ ಮೊದಲು ಐದನೇ ಇಯತ್ತೆಯಲ್ಲಿ ಎ, ಬಿ, ಸಿ, ಡಿ ಶುರುವಾಗುತ್ತಿತ್ತು. ನಾಲ್ಕು ವರ್ಷ ಮೊದಲು ಆರಂಭಿಸಿದ್ದೇವೆ ನಿಜ. ಆದರೆ ಮಕ್ಕಳು ಎಡವುವ ಕಲ್ಲುಗಳು ಮಾತ್ರ ಅವೇ ಇವೆ. ನನ್ನ ಪ್ರಕಾರ ಈ ಕಲ್ಲುಗಳು ಮೂರು ಬಗೆ: ಕಿವಿಯಿಂದ ಆಗುವ ಗೊಂದಲ, ಅರ್ಥದಿಂದ ಆಗುವ ಗೊಂದಲ, ನಮಗೆ ಗೊತ್ತಿದೆ ಎಂದುಕೊಂಡದ್ದರಿಂದ ಆಗುವ ಗೊಂದಲ. ಒಂದೊಂದಕ್ಕೂ ಮದ್ದು ಬೇರೆ. ಮೂರಕ್ಕೂ ಬೇಕಾದ ಬೆಳಕು ಮಾತ್ರ ನಮ್ಮ ಕನ್ನಡದಲ್ಲೇ ಇದೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಿವಿಯ ಗೊಂದಲ

ಕನ್ನಡದಲ್ಲಿ ಕೇಳಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಹೀಗಾಗಿ ನಮ್ಮ ಮಕ್ಕಳು ಕಿವಿಯನ್ನು ನಂಬಿ ಬೆಳೆದವರು. ಇದರಿಂದ ಒಂದು ಲಾಭವಿದೆ. ಕನ್ನಡದಲ್ಲಿ ಹ್ರಸ್ವ, ದೀರ್ಘಗಳ ಭೇದ ಖಚಿತವಾಗಿರುವುದರಿಂದ ‘ಶಿಪ್’ ಎಂದರೆ ಹಡಗು, ‘ಶೀಪ್’ ಎಂದರೆ ಕುರಿ ಎಂದು ನಮ್ಮ ಮಗುವಿನ ಕಿವಿ ಥಟ್ಟನೆ ಹಿಡಿಯುತ್ತದೆ. ಸ್ಪ್ಯಾನಿಷ್, ಇಟಾಲಿಯನ್ ಮಾತಾಡುವವರು ಇದೇ ಜೋಡಿಯಲ್ಲಿ ತಿಣುಕಾಡುತ್ತಾರೆ.

ತೊಂದರೆಯಾಗುವುದು ಕನ್ನಡ ಒಂದೇ ಅಕ್ಷರವನ್ನು ಇಟ್ಟುಕೊಂಡಿರುವ ಕಡೆ. ನಮ್ಮ ಜಿಲ್ಲೆ ದ್ರಾಕ್ಷಿಗೆ ಹೆಸರಾದದ್ದು. ದ್ರಾಕ್ಷಿಯ ಬಳ್ಳಿಗೂ ‘ವೈನ್’, ದ್ರಾಕ್ಷಿಯ ಮದ್ಯಕ್ಕೂ ‘ವೈನ್’ ಎಂದೇ ನಾವು ಬರೆಯಬೇಕು. ನಮ್ಮ ‘ವ’ ಅಕ್ಷರ ಇಂಗ್ಲಿಷಿನ ಎರಡು ಧ್ವನಿಗಳ ಭಾರ ಹೊತ್ತಿದೆ. ಬಳ್ಳಿಯ ವೈನ್ ಹೇಳುವಾಗ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ಮದ್ಯದ ವೈನ್ ಹೇಳುವಾಗ ತುಟಿಗಳು ದುಂಡಗಾಗಬೇಕು, ಹಲ್ಲು ಮುಟ್ಟಬಾರದು. ‘ಬಳ್ಳಿಗೆ ಹಲ್ಲು, ಮದ್ಯಕ್ಕೆ ತುಟಿ’ ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಸಾಕು. ನಮ್ಮ ಭಾಗದ ಹಿರಿಯರು ಹೆಸರಿನ ಮೊದಲಕ್ಷರವನ್ನು ‘ವ್ಹಿ’ ಎಂದು ಬರೆಯುವ ರೂಢಿಯಿದೆಯಲ್ಲ, ಅದು ಈ ಭೇದವನ್ನು ಕಾಗದದ ಮೇಲೆ ತರುವ ಪ್ರಯತ್ನವೇ ಆಗಿದೆ.

ಹಾಗೆಯೇ ‘ಪ್ರೈಸ್’ ಮತ್ತು ‘ಪ್ರೈಝ್’. ಮೊದಲನೆಯದು ಪೇಟೆಯ ದರ, ಎರಡನೆಯದು ಬಹುಮಾನ. ಉಳ್ಳಾಗಡ್ಡಿಗೆ ಪೇಟೆಯಲ್ಲಿ ಸಿಗುವುದು ಪ್ರೈಸ್. ಕೃಷಿ ಮೇಳದಲ್ಲಿ ಒಳ್ಳೆಯ ಬೆಳೆಗೆ ಸಿಗುವುದು ಪ್ರೈಝ್. ಕೊನೆಯ ಧ್ವನಿ ಗುಂಯ್‌ಗುಡಬೇಕು. ಇಲ್ಲಿಯ ಉರ್ದು ಮನೆಮಾತಿನ ಮಕ್ಕಳಿಗೆ ಈ ಧ್ವನಿ ಸಹಜ. ಪಕ್ಕದಲ್ಲಿ ಕೂತ ಗೆಳೆಯನ ಬಾಯಿಂದ ಕೇಳಿಸಿ ಕಲಿಸಿದರೆ ಧ್ವನಿಮುದ್ರಿಕೆಯ ಅಗತ್ಯವೇ ಇಲ್ಲ.

ಇನ್ನು ಕೆಲವು ಜೋಡಿಗಳನ್ನು ಇಂಗ್ಲಿಷರ ಕಿವಿಯೂ ಬೇರ್ಪಡಿಸಲಾರದು, ಕಣ್ಣೇ ಗತಿ. ‘ಪ್ರಿನ್ಸಿಪಲ್’ ಎಂಬ ಅವಳಿಗಳನ್ನು ನೋಡಿ. ಒಂದು ‘ಎ, ಎಲ್’ ಅಕ್ಷರಗಳಿಂದ ಮುಗಿಯುತ್ತದೆ, ಇನ್ನೊಂದು ‘ಎಲ್, ಇ’ ಅಕ್ಷರಗಳಿಂದ. ಮೊದಲನೆಯದಕ್ಕೆ ಮುಖ್ಯವಾದದ್ದು ಎಂದು ಅರ್ಥ. ಕಾಲೇಜಿನಲ್ಲಿ ಅದು ಪ್ರಾಚಾರ್ಯರು. ಬ್ಯಾಂಕಿನ ಸಾಲದ ಪುಸ್ತಕದಲ್ಲಿ ಅದು ಅಸಲು. ಎರಡನೆಯದಕ್ಕೆ ತತ್ವ ಎಂದು ಅರ್ಥ. ನೆನಪಿಡುವ ಉಪಾಯ ಸುಲಭ. ‘ಅಸಲು’ ಆರಂಭವಾಗುವುದು ಅಕಾರದಿಂದ, ಆ ಪದದ ತುದಿಯಲ್ಲೂ ಎ ಅಕ್ಷರವಿದೆ. ‘ಸ್ಟೇಷನರಿ’ ಎಂಬ ಜೋಡಿಗೂ ಇದೇ ಉಪಾಯ. ತುದಿಯಲ್ಲಿ ಎ ಅಕ್ಷರವಿರುವುದು ಅಚಲವಾದದ್ದು, ಅಂದರೆ ನಿಂತಲ್ಲೇ ನಿಂತದ್ದು. ಇ ಅಕ್ಷರವಿರುವುದು ಕಾಗದ, ಪೆನ್ನು ಮೊದಲಾದ ಸಾಮಗ್ರಿ. ಇಂಗ್ಲಿಷ್ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಟ್ಟಿದ ಸೂತ್ರಗಳಿವೆ. ನಮ್ಮ ಮಕ್ಕಳಿಗೆ ಕನ್ನಡದ ಸೂತ್ರವೇ ಬೇಗ ಹತ್ತುತ್ತದೆ.

ಒಂದು ಕನ್ನಡ, ಎರಡು ಇಂಗ್ಲಿಷ್

ಎರಡನೆಯದು ಅರ್ಥದ ಗೊಂದಲ. ನಾವು ಒಂದು ಪದದಿಂದ ಕೆಲಸ ಸಾಗಿಸುವಲ್ಲಿ ಇಂಗ್ಲಿಷ್ ಎರಡನ್ನು ಬೇಡುತ್ತದೆ. ಇದಕ್ಕೆ ನಮ್ಮೂರಿನ ‘ಕೈಗಡ’ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕೈಗಡ ತಗೊಂಡೆ ಎನ್ನುತ್ತೇವೆ, ಕೈಗಡ ಕೊಟ್ಟೆ ಎನ್ನುತ್ತೇವೆ. ಕೈಗಡ ಎರಡರಲ್ಲೂ ಒಂದೇ. ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವುದು ‘ಬಾರೋ’, ಕೊಡುವುದು ‘ಲೆಂಡ್’. ಮಗು ಇವನ್ನು ಅದಲುಬದಲು ಮಾಡಿದರೆ ಒಂದು ಅಂಕ ಹೋಗುತ್ತದೆ. ಸಾಲದ ಪತ್ರದಲ್ಲಿ ಅದಲುಬದಲಾದರೆ ಕೊಟ್ಟವನೇ ಸಾಲಗಾರನಾಗಿ ನಿಲ್ಲುತ್ತಾನೆ. ಇಲ್ಲಿ ಕನ್ನಡದ ವಿಭಕ್ತಿಯೇ ದಾರಿ ತೋರಿಸುತ್ತದೆ. ‘ಅವನಿಂದ’ ಎಂದು ಬಂದರೆ ಬಾರೋ, ‘ಅವನಿಗೆ’ ಎಂದು ಬಂದರೆ ಲೆಂಡ್. ಇದರಲ್ಲಿ ತಪ್ಪಲು ಆಸ್ಪದವೇ ಇಲ್ಲ.

ಅದರಂತೆ ‘ಹಿಯರ್’ ಮತ್ತು ‘ಲಿಸನ್’, ‘ಸೀ’ ಮತ್ತು ‘ಲುಕ್’. ಎಷ್ಟೋ ಪಠ್ಯಗಳು ಇವನ್ನು ‘ಕೇಳು’, ‘ನೋಡು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ನಮ್ಮ ಆಡುಮಾತನ್ನು ಸ್ವಲ್ಪ ಗಮನಿಸಿ: ‘ನೋಡಿದೆ, ಆದರೆ ಕಾಣಲಿಲ್ಲ’ ಎನ್ನುತ್ತೇವೆ, ‘ಕಿವಿಗೊಟ್ಟು ಕೇಳಿದೆ, ಏನೂ ಕೇಳಿಸಲಿಲ್ಲ’ ಎನ್ನುತ್ತೇವೆ. ನಾವು ಮನಸ್ಸಿಟ್ಟು ಮಾಡುವುದು ನೋಡುವುದು, ಕೇಳುವುದು. ತಾನಾಗಿ ಆಗುವುದು ಕಾಣುವುದು, ಕೇಳಿಸುವುದು. ಲುಕ್ ಮತ್ತು ಲಿಸನ್ ಮೊದಲ ಸಾಲಿನವು, ಸೀ ಮತ್ತು ಹಿಯರ್ ಎರಡನೆಯ ಸಾಲಿನವು. ಈ ಭೇದ ಮಗುವಿಗೆ ಶಾಲೆಗೆ ಬರುವ ಮೊದಲೇ ಗೊತ್ತಿದೆ. ಅದನ್ನು ಮುಟ್ಟಿ ತೋರಿಸುವುದಷ್ಟೇ ಗುರುಗಳ ಕೆಲಸ.

‘ಐತಿಹಾಸಿಕ’ ಎಂಬ ಒಂದು ಪದಕ್ಕೂ ಇಂಗ್ಲಿಷಿನಲ್ಲಿ ಎರಡು ಪದಗಳಿವೆ. 1565ರ ಜನವರಿಯಲ್ಲಿ ಕೃಷ್ಣೆಯ ಆಸುಪಾಸಿನಲ್ಲಿ ನಡೆದ, ತಾಳಿಕೋಟೆಯ ಹೆಸರಿನಿಂದಲೂ ರಕ್ಕಸಗಿ-ತಂಗಡಗಿಗಳ ಹೆಸರಿನಿಂದಲೂ ಕರೆಯುವ ಯುದ್ಧ ‘ಹಿಸ್ಟಾರಿಕ್’. ಅದು ಚರಿತ್ರೆಯ ದಿಕ್ಕನ್ನೇ ತಿರುಗಿಸಿತು. ಆದರೆ ಮುದ್ದೇಬಿಹಾಳದ ಯಾವುದೋ ಹಳೆಯ ಮನೆಯಲ್ಲಿ ಸಿಕ್ಕ ನೂರು ವರ್ಷದ ಲೆಕ್ಕದ ಪುಸ್ತಕ ‘ಹಿಸ್ಟಾರಿಕಲ್’. ಅದು ಚರಿತ್ರೆಗೆ ಸಂಬಂಧಿಸಿದ್ದು, ಅಷ್ಟೇ.

ಇದಕ್ಕೆ ವಿರುದ್ಧವಾದದ್ದೂ ಉಂಟು. ನಮ್ಮ ಭತ್ತ, ಅಕ್ಕಿ, ಅನ್ನ ಮೂರಕ್ಕೂ ಸಾಮಾನ್ಯ ಇಂಗ್ಲಿಷಿನವನು ‘ರೈಸ್’ ಎಂದು ಕೈ ತೊಳೆದುಕೊಳ್ಳುತ್ತಾನೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಇಲ್ಲಿ ಎಲ್ಲರಿಗೂ ಗೊತ್ತು. ಆ ಜೋಳವನ್ನು ‘ಕಾರ್ನ್’ ಎಂದುಬಿಟ್ಟರೆ ಇಂಗ್ಲೆಂಡಿನವನಿಗೆ ಗೋಧಿ ನೆನಪಾದೀತು, ಸ್ಕಾಟ್ಲೆಂಡಿನವನಿಗೆ ಓಟ್ಸ್, ಅಮೆರಿಕದವನಿಗೆ ಗೋವಿನಜೋಳ. ಡೋಣಿ ದಂಡೆಯ ಬಿಳಿಜೋಳ ಮಾತ್ರ ಯಾರ ಕಣ್ಣಿಗೂ ಬರುವುದಿಲ್ಲ. ಅದಕ್ಕೆ ‘ಸೋರ್ಗಮ್’ ಎನ್ನಬೇಕು, ಇಲ್ಲವೆ ಭಾರತದ ಇಂಗ್ಲಿಷಿನಲ್ಲಿ ನೆಲೆಸಿರುವ ‘ಜೋವರ್’ ಎನ್ನಬೇಕು.

ಹೀಗೆ ತಡವರಿಸುವುದು ನಮ್ಮ ಪಾಲಿಗಷ್ಟೇ ಬಂದದ್ದಲ್ಲ. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಜರ್ಮನಿಯಿಂದ ಈ ನಾಡಿಗೆ ಬಂದು, ನಮ್ಮ ಒಂದೊಂದು ಪದದ ಅರ್ಥಭೇದಗಳನ್ನು ಬಿಡಿಸಿ ಬಿಡಿಸಿ ಬರೆದು, ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗುವ ಹೊತ್ತಿಗೆ 1894 ಬಂದಿತ್ತು. ಇಂಗ್ಲಿಷರು ತಮ್ಮ ಭಾಷೆಯಲ್ಲಿ ತಾವೇ ತಪ್ಪುವುದೂ ಇದೆ. ಫೌಲರ್ 1926ರಲ್ಲಿ ಹೊರತಂದ ಇಂಗ್ಲಿಷ್ ಬಳಕೆಯ ಪ್ರಸಿದ್ಧ ಕೋಶದಲ್ಲಿ ಮೋಸಗೊಳಿಸುವ ಜೋಡಿಪದಗಳಿಗೇ ಒಂದು ಲೇಖನ ಮೀಸಲಾಗಿದೆ. ಆ ಪುಸ್ತಕ ಬರೆದದ್ದು ಪರದೇಶಿಯರಿಗಾಗಿ ಅಲ್ಲ, ಇಂಗ್ಲಿಷ್ ಬಲ್ಲವರಿಗಾಗಿ.

‘ಇಸು’ ಎಂಬ ಕೀಲಿಕೈ

ಶಿಕ್ಷಕ ಮಿತ್ರರು ದಯವಿಟ್ಟು ಈ ಭಾಗವನ್ನು ಗಮನಿಸಬೇಕು. ಇಂಗ್ಲಿಷ್ ವ್ಯಾಕರಣದಲ್ಲಿ ಮಕ್ಕಳನ್ನು ಬಹಳ ಕಾಡುವ ಜೋಡಿಗಳು ‘ರೈಸ್’ ಮತ್ತು ‘ರೇಜ್’, ‘ಲೈ’ ಮತ್ತು ‘ಲೇ’, ‘ಸಿಟ್’ ಮತ್ತು ‘ಸೆಟ್’, ‘ಫಾಲ್’ ಮತ್ತು ‘ಫೆಲ್’. ಇವು ಬಿಡಿಬಿಡಿ ಕಷ್ಟಗಳಲ್ಲ, ಒಂದೇ ಕುಟುಂಬದವು. ಪ್ರತಿ ಜೋಡಿಯಲ್ಲಿ ಮೊದಲನೆಯದು ತಾನೇ ಮಾಡುವುದು, ಎರಡನೆಯದು ಇನ್ನೊಂದರಿಂದ ಮಾಡಿಸುವುದು. ಬಹಳ ಹಿಂದೆ ಇಂಗ್ಲಿಷಿನಲ್ಲೂ ಅದರ ಬಂಧುಭಾಷೆಗಳಲ್ಲೂ ಮಾಡಿಸುವ ಅರ್ಥಕ್ಕೆ ಒಂದು ಪ್ರತ್ಯಯವಿತ್ತು. ಅದು ಸವೆದು ಹೋಗಿ, ಒಳಗಿನ ಸ್ವರ ಬದಲಾದ ಗುರುತು ಮಾತ್ರ ಉಳಿಯಿತು. ಇಂಗ್ಲಿಷರು ಕಳೆದುಕೊಂಡ ಆ ಪ್ರತ್ಯಯ ನಮ್ಮಲ್ಲಿ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಅದೇ ‘ಇಸು’.

ಏಳುವುದು ರೈಸ್, ಎಬ್ಬಿಸುವುದು ರೇಜ್. ಮಲಗುವುದು ಲೈ, ಮಲಗಿಸುವುದು ಲೇ. ಕೂಡುವುದು ಸಿಟ್, ಕೂಡಿಸುವುದು ಸೆಟ್. ಬೀಳುವುದು ಫಾಲ್, ಮರ ಕಡಿದು ಬೀಳಿಸುವುದು ಫೆಲ್. ಸೂರ್ಯ ತಾನೇ ಏಳುತ್ತಾನೆ, ಅವನನ್ನು ಯಾರೂ ಎಬ್ಬಿಸುವುದಿಲ್ಲ. ಹಾಗಾಗಿ ಅಲ್ಲಿ ರೈಸ್ ಎಂಬುದೇ ಸರಿ. ಕೈ ಎತ್ತುವವರು ನಾವು, ಅಲ್ಲಿ ರೇಜ್. ಒಂದು ಎಚ್ಚರಿಕೆ ಮಾತ್ರ ಬೇಕು. ಮಲಗುವ ಅರ್ಥದ ಲೈ ಭೂತಕಾಲದಲ್ಲಿ ಲೇ ಎಂದಾಗುತ್ತದೆ, ಬೀಳುವ ಅರ್ಥದ ಫಾಲ್ ಫೆಲ್ ಎಂದಾಗುತ್ತದೆ. ಅಲ್ಲಿ ವಾಕ್ಯದ ಕಾಲ ನೋಡಿಯೇ ತೀರ್ಮಾನಿಸಬೇಕು.

ರೂಪದಲ್ಲಿ ನೆಂಟಸ್ತಿಕೆಯಿಲ್ಲದ ಪದಗಳಿಗೂ ಈ ಕೀಲಿ ಹತ್ತುತ್ತದೆ. ಕಲಿಯುವುದು ‘ಲರ್ನ್’, ಕಲಿಸುವುದು ‘ಟೀಚ್’. ನೆನೆಯುವುದು ‘ರಿಮೆಂಬರ್’, ನೆನಪಿಸುವುದು ‘ರಿಮೈಂಡ್’. ಉಣ್ಣುವುದು ‘ಈಟ್’, ಉಣಿಸುವುದು ‘ಫೀಡ್’. ಕನ್ನಡದಲ್ಲಿ ‘ಇಸು’ ಬಂದರೆ ಇಂಗ್ಲಿಷಿನಲ್ಲಿ ಎರಡನೆಯ ಪದ ಎಂದು ಹೇಳಿಕೊಟ್ಟರೆ ಹತ್ತು ನಿಯಮಗಳ ಉರು ಹೊಡೆತ ತಪ್ಪುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಾಯಿಗೆ ಬರಬಾರದು ಎಂದು ವಾದಿಸುವವರು ಈ ಕೀಲಿಕೈಯನ್ನು ಮಗುವಿನ ಕೈಯಿಂದ ಕಸಿದುಕೊಳ್ಳುತ್ತಿದ್ದಾರೆ.

ಗೊತ್ತಿದೆ ಎಂದುಕೊಂಡ ಪದಗಳು

ಮೂರನೆಯ ಗೊಂದಲ ಎಲ್ಲಕ್ಕಿಂತ ಅಪಾಯದ್ದು. ನಮ್ಮ ಮಾತಿನಲ್ಲಿ ಇಂಗ್ಲಿಷ್ ಪದಗಳು ನೂರಾರು ಸೇರಿಕೊಂಡಿವೆ. ಅವುಗಳ ಅರ್ಥ ಗೊತ್ತು ಎಂದು ನಾವು ನಿಶ್ಚಿಂತರಾಗಿರುತ್ತೇವೆ. ನಮಗೆ ‘ಹೋಟೆಲ್’ ಎಂದರೆ ಚಹಾ, ತಿಂಡಿ ಸಿಗುವ ಸ್ಥಳ. ಇಂಗ್ಲಿಷರಿಗೆ ಅದು ರಾತ್ರಿ ತಂಗುವ ಸ್ಥಳ. ಇಂಥದರಲ್ಲಿ ನಗೆಪಾಟಲಾಗುವುದಕ್ಕಿಂತ ಹೆಚ್ಚಿನ ಹಾನಿಯಿಲ್ಲ. ಕಾನೂನಿನ ಕಾಗದದಲ್ಲಿ ಹಾಗಲ್ಲ.

ಆಗ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಅಲ್ಲಿಂದೀಚೆಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ಜಲಾಶಯಗಳಿಗೆ, ಕಾಲುವೆಗಳಿಗೆ ಈ ಭಾಗದ ಎಷ್ಟೋ ಕುಟುಂಬಗಳು ಹೊಲ, ಮನೆ ಕೊಟ್ಟಿವೆ. ದಶಕಗಳ ಕಾಲ ಅದು ನಡೆದದ್ದು 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ. ಆ ಕಾಯ್ದೆಯ ಮೂರು ಪದಗಳನ್ನು ನೋಡೋಣ.

ಮೊದಲನೆಯದು ‘ಇಂಟರೆಸ್ಟ್’. ಕಾಯ್ದೆಯ ಒಂಬತ್ತನೇ ಕಲಮಿನ ನೋಟಿಸು ‘ಪರ್ಸನ್ಸ್ ಇಂಟರೆಸ್ಟೆಡ್’ ಎಂಬವರಿಗೆ ಹೋಗಬೇಕು. ಶಾಲೆಯಲ್ಲಿ ನಾವು ಕಲಿತ ಅರ್ಥ ಆಸಕ್ತಿ. ಬ್ಯಾಂಕಿನಲ್ಲಿ ಕಲಿತ ಅರ್ಥ ಬಡ್ಡಿ. ಇಲ್ಲಿ ಎರಡೂ ಅಲ್ಲ. ಪರಿಹಾರದಲ್ಲಿ ತಮ್ಮ ಹಕ್ಕು ಉಂಟು ಎನ್ನುವವರು ಎಂದು ಅರ್ಥ. ‘ನನಗೇನು ಆಸಕ್ತಿಯಿಲ್ಲ’ ಎಂದು ಆ ನೋಟಿಸನ್ನು ಬದಿಗಿಡುವಂತಿಲ್ಲ. ಈ ಅರ್ಥ ತಿಳಿದರೆ ಇನ್ನೊಂದು ಪ್ರಸಿದ್ಧ ಗೊಂದಲವೂ ಬಗೆಹರಿಯುತ್ತದೆ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿ ಇಲ್ಲದವನು. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಸ್ವಂತ ಹಿತ ಇಲ್ಲದವನು, ನಿಷ್ಪಕ್ಷಪಾತಿ. ನ್ಯಾಯಾಧೀಶರು ಎರಡನೆಯವರಾಗಿರಬೇಕು, ಮೊದಲನೆಯವರಾಗಿರಬಾರದು.

ಎರಡನೆಯದು ‘ಅವಾರ್ಡ್’. ನಮಗೆ ಅವಾರ್ಡ್ ಎಂದರೆ ಪ್ರಶಸ್ತಿ, ಶಾಲು, ಹಾರ. ಕಾಯ್ದೆಯಲ್ಲಿ ಅದು ಜಮೀನಿನ ವಿಸ್ತೀರ್ಣ, ಪರಿಹಾರದ ಮೊತ್ತ, ಅದನ್ನು ಯಾರು ಯಾರಿಗೆ ಹಂಚಬೇಕು ಎಂಬುದರ ಬಗ್ಗೆ ಅಧಿಕಾರಿ ಕೊಡುವ ತೀರ್ಮಾನ. ಪದದ ಮೂಲ ಅರ್ಥವೇ ವಿಚಾರಿಸಿ ಕೊಟ್ಟ ತೀರ್ಪು. ಬಹುಮಾನದ ಅರ್ಥ ಆಮೇಲೆ ಬಂದದ್ದು.

ಮೂರನೆಯದು ‘ಪ್ರೊಟೆಸ್ಟ್’. ನಮಗೆ ಅದು ಘೋಷಣೆ, ಮೆರವಣಿಗೆ, ಧರಣಿ. ಕಾಯ್ದೆಯ 31ನೇ ಕಲಮಿನಲ್ಲಿ ‘ಅಂಡರ್ ಪ್ರೊಟೆಸ್ಟ್’ ಎಂಬ ಮಾತಿದೆ. ಆಕ್ಷೇಪಣೆ ಉಳಿಸಿಕೊಂಡು ಎಂದು ಅದರ ಅರ್ಥ. ಆಕ್ಷೇಪಣೆಯನ್ನು ದಾಖಲಿಸದೆ ಪರಿಹಾರದ ಹಣ ಪಡೆದವನಿಗೆ, ಹೆಚ್ಚಿನ ಪರಿಹಾರಕ್ಕಾಗಿ 18ನೇ ಕಲಮಿನ ಕೆಳಗೆ ನ್ಯಾಯಾಲಯಕ್ಕೆ ಒಪ್ಪಿಸಿರೆಂದು ಅರ್ಜಿ ಹಾಕುವ ಹಕ್ಕು ಇರುವುದಿಲ್ಲ ಎಂದು ಅಲ್ಲಿ ಹೇಳಿದೆ. ಹಣ ಪಡೆಯುವುದು ತಪ್ಪಲ್ಲ, ಆದರೆ ಸಹಿಯ ಜೊತೆ ಆ ಎರಡು ಪದಗಳು ಇರಬೇಕು. ಧರಣಿ ಕೂಡುವವರ ಮಾತು, ನನಗದು ಸಂಬಂಧವಿಲ್ಲ ಎಂದುಕೊಂಡವನು ಒಂದು ಸಹಿಯಲ್ಲಿ ಆ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಾನೆ. 2014ರ ಜನವರಿ 1ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ 2013ರ ಕಾಯ್ದೆ ಜಾರಿಗೆ ಬಂತು. ಅದರಲ್ಲೂ ಈ ಷರತ್ತು ಉಳಿದುಕೊಂಡಿದೆ.

ಆದ್ದರಿಂದ ಗೊಂದಲದ ಪದಗಳನ್ನು ಬಿಡಿಸಿ ತಿಳಿಯುವುದು ಪರೀಕ್ಷೆಯ ಅಂಕಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಹೈಸ್ಕೂಲಿನ ಮಗಳೊಬ್ಬಳೇ ಆಗಿದ್ದರೆ, ಅಂಥ ಕಾಗದ ಮೊದಲು ಬರುವುದು ಅವಳ ಕೈಗೇ. ಅವಳು ಅದನ್ನು ಹೇಗೆ ಓದುತ್ತಾಳೆ ಎಂಬುದರ ಮೇಲೆ ಮನೆಯವರ ಮುಂದಿನ ಹೆಜ್ಜೆ ನಿಂತಿರುತ್ತದೆ.

ಕಲಿಸುವ ಕ್ರಮ

ಕೊನೆಯದಾಗಿ, ಕಲಿಸುವ ಬಗ್ಗೆ ನಾಲ್ಕು ಮಾತು.

ಒಂದು, ಜೋಡಿಪದಗಳನ್ನು ಒಂದೇ ದಿನ ಪಕ್ಕಪಕ್ಕದಲ್ಲಿ ಕಲಿಸಬೇಡಿ. ಹಾಗೆ ಮಾಡಿದರೆ ಭೇದ ಚೆನ್ನಾಗಿ ತಿಳಿಯುತ್ತದೆ ಎಂದು ನಮಗೆಲ್ಲ ಅನಿಸುತ್ತದೆ. 1993ರಲ್ಲಿ ಟಿಂಕಮ್, 1997ರಲ್ಲಿ ವೇರಿಂಗ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗಗಳು ಬೇರೆಯೇ ಹೇಳುತ್ತವೆ. ಅರ್ಥದಲ್ಲಿ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿತವರು, ಸಂಬಂಧವಿಲ್ಲದ ಪದಗಳನ್ನು ಕಲಿತವರಿಗಿಂತ ನಿಧಾನವಾಗಿ ಕಲಿತರು. ಮೊದಲು ‘ಬಾರೋ’ ಗಟ್ಟಿಯಾಗಲಿ. ಅದು ನಾಲಿಗೆಯಲ್ಲಿ ನೆಲೆಯೂರಿದ ಮೇಲೆ ‘ಲೆಂಡ್’ ಬರಲಿ. ಎರಡೂ ಬೇರೂರಿದ ಮೇಲೆ ಹೋಲಿಸಿ ತೋರಿಸಿ.

ಎರಡು, ಪದವನ್ನು ಬಿಡಿಯಾಗಿ ಬರೆಸಬೇಡಿ, ವಾಕ್ಯದಲ್ಲಿ ಬರೆಸಿ. ಆ ವಾಕ್ಯ ಲಂಡನ್ನಿನ ಮಂಜಿನ ಬಗ್ಗೆ ಇರಬೇಕಾಗಿಲ್ಲ. ‘ಬರ ನಮ್ಮ ತಾಲ್ಲೂಕನ್ನು ತಟ್ಟಿತು’ ಎಂಬಲ್ಲಿ ತಟ್ಟುವ ಕ್ರಿಯೆ ‘ಅಫೆಕ್ಟ್’, ‘ಬರದ ಪರಿಣಾಮ’ ಎಂಬಲ್ಲಿ ಪರಿಣಾಮವೆಂಬ ಹೆಸರು ‘ಇಫೆಕ್ಟ್’. ಮಗು ಕಂಡ ಬರ, ಮಗು ಉಂಡ ರೊಟ್ಟಿ ವಾಕ್ಯದಲ್ಲಿದ್ದರೆ ಪದ ಮರೆಯುವುದಿಲ್ಲ.

ಮೂರು, ಯಾವ ಬಗೆಯ ಗೊಂದಲ ಎಂದು ಮೊದಲು ಗುರುತಿಸಿ. ಕಿವಿಯ ಗೊಂದಲಕ್ಕೆ ಬಾಯಿಯ ಅಭ್ಯಾಸ ಇಲ್ಲವೆ ಕಣ್ಣಿನ ಗುರುತು ಬೇಕು. ಅರ್ಥದ ಗೊಂದಲಕ್ಕೆ ಕನ್ನಡದ ವಿಭಕ್ತಿ, ಪ್ರತ್ಯಯಗಳು ಬೇಕು. ಗೊತ್ತಿದೆ ಎಂಬ ಭ್ರಮೆಗೆ ನಿಘಂಟು ಬೇಕು. ಎಲ್ಲ ತಪ್ಪಿಗೂ ಒಂದೇ ಕೆಂಪು ಗೆರೆ ಎಳೆದರೆ ಮಗುವಿಗೆ ತಿಳಿಯುವುದು ತಾನು ತಪ್ಪಿದೆ ಎಂಬುದು ಮಾತ್ರ.

ನಾಲ್ಕು, ಎಲ್ಲ ಪದಗಳಿಗೂ ಜೋಡಿ ಸಿಗಲೇಬೇಕೆಂಬ ಹಟ ಬೇಡ. ಬಸವಣ್ಣನವರು ಹುಟ್ಟಿದ ನೆಲದವರು ನಾವು. ಶರಣರ ‘ಕಾಯಕ’ಕ್ಕೆ ಇಂಗ್ಲಿಷಿನಲ್ಲಿ ‘ವರ್ಕ್’ ಎಂದರೆ ತೀರ ಸಾಮಾನ್ಯವಾಯಿತು, ‘ಜಾಬ್’ ಎಂದರೆ ಸಂಬಳ ಮುಂದೆ ಬಂತು, ‘ಲೇಬರ್’ ಎಂದರೆ ಬೆವರು ಮಾತ್ರ ಉಳಿಯಿತು. ದುಡಿಮೆಯನ್ನೇ ಪೂಜೆಯೆಂದು ತಿಳಿಯುವ ಅರ್ಥ ಆ ಮೂರರಲ್ಲೂ ಇಲ್ಲ. ಅಂಥ ಕಡೆ ‘ಕಾಯಕ’ವನ್ನೇ ಇಟ್ಟು, ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ವಿವರಿಸುವುದೇ ಸರಿಯಾದ ಇಂಗ್ಲಿಷ್.

ಅದಿಲ್‌ಶಾಹಿ ಕಾಲದ ದರಬಾರಿನ ಭಾಷೆ ಪಾರಸಿಯಾಗಿದ್ದಾಗ ನಮ್ಮ ಹಿರಿಯರು ಅರ್ಜಿ, ವಕೀಲ, ಜಮೀನು, ಅಸಲು ಎಂಬ ಪದಗಳನ್ನು ಕಲಿತರು. ಇವತ್ತು ಅವು ನಮ್ಮವೇ ಆಗಿವೆ; ಅಸಲು ಯಾವುದು, ಬಡ್ಡಿ ಯಾವುದು ಎಂದು ಅಕ್ಷರ ಬಾರದ ರೈತನೂ ತಪ್ಪದೆ ಹೇಳುತ್ತಾನೆ. ಬಳಕೆಯಿಂದಲೂ ಅಗತ್ಯದಿಂದಲೂ ಬಂದ ತಿಳಿವಳಿಕೆ ಅದು. ಇಂಗ್ಲಿಷಿನ ಪದಗಳೂ ಹಾಗೆಯೇ ನಮ್ಮ ಕೈಗೆ ಹತ್ತಬಲ್ಲವು. ಅದಕ್ಕಾಗಿ ಮಕ್ಕಳು ಕನ್ನಡವನ್ನು ಹೊಸ್ತಿಲಾಚೆ ಬಿಟ್ಟು ಬರಬೇಕಾಗಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬರಲಿ. ನಾಳೆ ಒಂದು ಕಾಗದದ ಮುಂದೆ ಕೂತಾಗ, ಸಹಿ ಹಾಕುವ ಮೊದಲು ‘ಈ ಪದಕ್ಕೆ ಇಲ್ಲಿ ಏನರ್ಥ?’ ಎಂದು ಕೇಳುವ ಧೈರ್ಯ ಅವರಿಗೆ ಬಂದರೆ ನೀವು ಕಲಿಸಿದ್ದು ಸಾರ್ಥಕ.